ಹೊಗೆ ಕಮ್ಮಿ ಬಂದ ದಿನ

ಫೆಬ್ರವರಿ 28, ವಿಜ್ಞಾನ ದಿನ. ಮಧ್ಯಾಹ್ನ ಎರಡೂವರೆ. ಎಂಟನೇ ಕ್ಲಾಸಿನ ಮಕ್ಕಳು ವರಾಂಡದ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಶ್ರಾವಣದಲ್ಲಿ ನೋಡಿದ್ದವರು, ಅವತ್ತು ಶಾಲೆ ತಪ್ಪಿಸಿದವರಿಗೆ ವಾರವಿಡೀ ಕಥೆ ಹೇಳಿ ಹೇಳಿ ಆಸೆ ಹುಟ್ಟಿಸಿದ್ದರು. ನಾನು ಡಬ್ಬಿ ಬಗ್ಗಿಸಿ ದ್ರವ ನೈಟ್ರೋಜನ್ ಅನ್ನು ಪರಾತಕ್ಕೆ ಸುರಿದೆ. ಬುಸ್ ಅಂತ ಸದ್ದು ಬಂತು. ಅಷ್ಟೇ. ಪರಾತದ ಅಂಚಿನಿಂದ ತೆಳ್ಳಗೆ ಒಂದಿಷ್ಟು ಬಿಳಿ ಇಳಿಯಿತು. ನೆಲ ಮುಟ್ಟುವ ಮೊದಲೇ ಕರಗಿಹೋಯಿತು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು.

"ಟೀಚರ್, ಶ್ರಾವಣದಾಗ ಭಾಳ ಹೊಗಿ ಬಂದಿತ್ತಲ್ಲ? ಈಗ ಯಾಕ ಕಮ್ಮಿ ಬರ್ಲತ್ತದ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಧೈರ್ಯವೂ ಆ ಕ್ಷಣಕ್ಕೆ ಬರಲಿಲ್ಲ. "ನೈಟ್ರೋಜನ್ ಹಳೇದಾಗಿರಬೇಕು ಬಿಡು" ಅಂದುಬಿಟ್ಟೆ. ಹೇಳಿದ ಮೇಲೆ ನನಗೇ ನಾಚಿಕೆ ಆಯಿತು. ಹಳೇದಾಗೋಕೆ ಅದೇನು ಹಾಲಾ?

ಮೊದಲಿನಿಂದಲೇ ಹೇಳುತ್ತೇನೆ. ನಾನು ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಊರು ಶಹಾಬಾದಿಗೆ ಹತ್ತಿರ. ಹಾಗಾಗಿ ಶಾಲೆಯ ನೆಲ, ಕಟ್ಟೆ, ಅಂಗಳದ ಬೆಂಚು ಎಲ್ಲ ಶಹಾಬಾದಿ ಫರ್ಸಿ ಕಲ್ಲು. ಲ್ಯಾಬ್ ಅಂದರೆ ಎರಡು ಕಪಾಟು, ಅದರಲ್ಲಿ ಒಂದರ ಬೀಗದ ಕೈ ಕಳೆದಿದೆ. ದ್ರವ ನೈಟ್ರೋಜನ್ ಅಂದರೆ ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ, ಓಪನ್ ಡೇ ದಿನ ಕ್ಯೂ ನಿಂತು ನೋಡುವ ಸಾಮಾನು ಅಂತಲೇ ನಾನೂ ಅಂದುಕೊಂಡಿದ್ದೆ. ಅದು ನಮ್ಮೂರ ಸುತ್ತ ದಿನಾ ಮೋಟರ್ ಸೈಕಲ್ ಮೇಲೆ ಓಡಾಡುತ್ತಿದೆ ಅಂತ ತಲೆಗೆ ಹೊಳೆದಿರಲೇ ಇಲ್ಲ.

ನನ್ನ ಚಿಕ್ಕಪ್ಪನ ಮಗ ಆಕಳು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವ ಕೆಲಸದವನು. ಊರವರ ಬಾಯಲ್ಲಿ ಅದು 'ಇಂಜೆಕ್ಷನ್ ಮಾಡಿಸೋದು'. ಅವನ ಗಾಡಿಯ ಹಿಂದೆ ಒಂದು ಅಲ್ಯೂಮಿನಿಯಂ ಡಬ್ಬಿ ಇರುತ್ತದೆ. ನೋಡಲು ಹಾಲಿನ ಕ್ಯಾನಿನ ತಮ್ಮನ ಹಾಗೆ. ಅದರೊಳಗೆ 3 ಲೀಟರ್ ದ್ರವ ನೈಟ್ರೋಜನ್, ಅದರಲ್ಲಿ ಮುಳುಗಿದ ಸಣ್ಣ ಸಣ್ಣ ಕಡ್ಡಿಗಳು. ಒಂದೊಂದು ಕಡ್ಡಿಯಲ್ಲೂ ಕಾಲು ಮಿಲಿ ಲೀಟರ್ ವೀರ್ಯ. ಮೈನಸ್ 196 ಡಿಗ್ರಿಯಲ್ಲಿ ಅದು ಕೆಡುವುದಿಲ್ಲ, ಸಾಯುವುದೂ ಇಲ್ಲ. ಸುಮ್ನೆ ನಿಂತಿರುತ್ತದೆ. ಹೋರಿ ಸತ್ತು ವರ್ಷಗಳಾದ ಮೇಲೂ ಅದರ ಕರು ಹುಟ್ಟಬಹುದು. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿದರೂ ಬದುಕುತ್ತವೆ ಅಂತ 1949ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಕೊಂಡರು. ಆ ವಿದ್ಯೆ ಇವತ್ತು ನಮ್ಮೂರ ಕೊಟ್ಟಿಗೆಯ ಬಾಗಿಲಿಗೆ ಬಂದು, ಗಾಡಿ ಸ್ಟ್ಯಾಂಡ್ ಹಾಕಿ, ಚಹಾ ಕುಡಿದು ಹೋಗುತ್ತದೆ.

ಅವನ ಹತ್ತಿರ ಒಂದು ಹಳೇ ಡಬ್ಬಿ ಖಾಲಿ ಬಿದ್ದಿತ್ತು. ಕಲಬುರಗಿಯಲ್ಲಿ ತನ್ನ ಡಬ್ಬಿ ತುಂಬಿಸುವಾಗ ದುಡ್ಡು ಕೊಟ್ಟು ಅದನ್ನೂ ತುಂಬಿಸಿಕೊಂಡು ಬಂದ. ಕಡ್ಡಿ ಇರುವ ಡಬ್ಬಿಯಿಂದ ಎರಡು ಲೋಟ ಕೊಡು ಅಂತ ನಾನು ಮೊದಲು ಕೇಳಿದ್ದೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಟ್ಟ ಇಳಿದು ಕಡ್ಡಿ ಹೊರಗೆ ಬಂದರೆ ಮುಗೀತು, ಯಾರದೋ ಎಮ್ಮೆಯ ಒಂದು ಬೆದೆ ಸುಳ್ಳಾಗುತ್ತದೆ, 21 ದಿನ ಮತ್ತೆ ಕಾಯಬೇಕು.

ಹಾಗೆ ಮೊದಲ ಸಲ ಡಬ್ಬಿ ಶಾಲೆಗೆ ಬಂದದ್ದು ಶ್ರಾವಣದಲ್ಲಿ. ಜಿಟಿಜಿಟಿ ಮಳೆ. ಕ್ಲಾಸಿಗೆ ತರುತ್ತಲೇ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಏ, ಇದು ಎಮ್ಮಿ ಡಾಕ್ಟರ್ ಡಬ್ಬಿ!" ಅರ್ಧ ಕ್ಲಾಸು ನಕ್ಕಿತು. ಇನ್ನರ್ಧ ನಾಚಿಕೊಂಡಿತು. ನಾನು ಕಷ್ಟಪಟ್ಟು ಕಟ್ಟಿದ್ದ 'ಇವತ್ತು ನಿಮಗೊಂದು ಅದ್ಭುತ' ಅನ್ನುವ ಪೀಠಿಕೆ ಅಲ್ಲಿಗೆ ಮುಗಿಯಿತು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಚೆಂಡು ಹೂ ಅದ್ದಿ ತೆಗೆದು ಕಟ್ಟೆಗೆ ಬಡಿದೆ, ಗಾಜಿನ ಹಾಗೆ ಪುಡಿಯಾಯಿತು. ಬಾಳೆಹಣ್ಣಿನಿಂದ ಮೊಳೆ ಹೊಡೆದೆ. ಉಬ್ಬಿದ ಬಲೂನು ಮುಳುಗಿಸಿದರೆ ಒಣದ್ರಾಕ್ಷಿ ಆಯಿತು, ಹೊರಗೆ ತೆಗೆದರೆ ಮತ್ತೆ ಉಬ್ಬಿತು. ಪ್ರತಿ ಸಲ ಸುರಿದಾಗಲೂ ಬಿಳಿ ಮೋಡ ಮೇಜಿನಿಂದ ಇಳಿದು ನೆಲದ ಮೇಲೆ ಮೊಣಕಾಲುದ್ದ ಹರಡುತ್ತಿತ್ತು. ಮುಂದಿನ ಸಾಲಿನ ಮಕ್ಕಳ ಚಪ್ಪಲಿ ಕಾಣುತ್ತಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಒಬ್ಬ "ತಿನ್ಬಹುದೇನ್ರಿ ಟೀಚರ್?" ಅಂತ ಕೇಳಿದ. ಜಾತ್ರೆಯಲ್ಲಿ ಹೊಗೆ ಬಿಸ್ಕಿಟ್ ನೋಡಿದ್ದನಂತೆ. ಅಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಈ ದ್ರವ ಒಂದು ಲೀಟರ್ ಇದ್ದದ್ದು ಗಾಳಿಯಾದರೆ ಸುಮಾರು 700 ಲೀಟರ್ ಆಗುತ್ತದೆ. ಒಂದು ಚಮಚ ಹೊಟ್ಟೆಗೆ ಹೋದರೂ ಅಲ್ಲಿ ಉಬ್ಬುತ್ತದೆ, ಜಠರವೇ ಹರಿಯಬಹುದು. ನಮ್ಮ ರಾಜ್ಯದಲ್ಲಿ 2024ರಲ್ಲಿ ಅಂಥ ತಿನಿಸಿಗೆ ಇದನ್ನು ಬಳಸಬಾರದು ಅಂತ ನಿಷೇಧ ಹಾಕಿದ್ದು ಸುಮ್ನೆ ಅಲ್ಲ.

ಇಷ್ಟು ಬುದ್ಧಿ ಹೇಳಿದವಳು ನಾನೇ ಆ ದಿನ ಕೈ ಸುಟ್ಟುಕೊಂಡೆ. ಸುಟ್ಟುಕೊಂಡೆ ಅನ್ನುವುದೇ ಸರಿಯಾದ ಮಾತು, ಗುಳ್ಳೆ ಥೇಟ್ ಎಣ್ಣೆ ಸಿಡಿದ ಹಾಗೇ ಎದ್ದಿತ್ತು. ಚಳಿಗೆ ಚಳಿಗಾಲದ ಕೈಗವಸೇ ಸರಿ ಅಂತ ಉಣ್ಣೆಯ ಗ್ಲೌಸ್ ಹಾಕಿಕೊಂಡಿದ್ದೆ. ಒಂದಿಷ್ಟು ನೈಟ್ರೋಜನ್ ಚೆಲ್ಲಿ ಉಣ್ಣೆಯೊಳಗೆ ಇಳಿಯಿತು. ಬರಿಗೈ ಮೇಲೆ ಬಿದ್ದಿದ್ದರೆ ಹನಿ ಜಾರಿ ಹೋಗುತ್ತಿತ್ತೇನೋ. ಬಟ್ಟೆ ಅದನ್ನು ಹಿಡಿದು ಬೆರಳಿಗೆ ಕಟ್ಟಿತು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಾಠ ಮುಂದುವರಿಸಿದೆ. ಮಕ್ಕಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಈಗ ಸಡಿಲವಾದ ಚರ್ಮದ ಗ್ಲೌಸ್ ಹಾಕುತ್ತೇನೆ, ಕೈ ಕೊಡವಿದರೆ ಕಳಚಿ ಬೀಳಬೇಕು. ಕಣ್ಣಿಗೆ ಕನ್ನಡಕ. ಮತ್ತೆ ಆ ಗುಳ್ಳೆಯ ಕಥೆಯಿಂದಲೇ ಪಾಠ ಶುರು.

ಮಾರನೆ ದಿನ ನೋಡಿದ್ದನ್ನು ಬರೆಯಿರಿ ಅಂದೆ. ಹೆಚ್ಚುಕಡಿಮೆ ಎಲ್ಲರ ವಹಿಯಲ್ಲೂ ಒಂದೇ ಸಾಲು: 'ನೈಟ್ರೋಜನ್ ಹೊಗೆ ಬಂತು.' ನಾನು ಎಲ್ಲದಕ್ಕೂ ಕೆಂಪು ಟಿಕ್ ಹಾಕಿದೆ. ಆ ಟಿಕ್ ತಪ್ಪು. ನೈಟ್ರೋಜನ್‌ಗೆ ಬಣ್ಣ ಇಲ್ಲ. ನಮ್ಮ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ, ಅದು ಬೆಳ್ಳಗೆ ಕಾಣುವ ಹಾಗಿದ್ದರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪುಸ್ತಕದಲ್ಲಿ ಓದಿ ನನಗೂ ಇದು ಗೊತ್ತಿತ್ತು. ಆದರೆ ಚಪ್ಪಾಳೆ ಬಿದ್ದ ಮೇಲೆ ಯಾರು ಯೋಚನೆ ಮಾಡುತ್ತಾರೆ?

ಒಂದು ಮಾತ್ರ ಆ ದಿನ ಚಂದ ಆಯಿತು. ಉಳಿದ ಅರ್ಧ ಲೋಟವನ್ನು ವರಾಂಡದ ಫರ್ಸಿ ಮೇಲೆ ಚೆಲ್ಲಿದೆ. ಅದು ನೆಲಕ್ಕೆ ಅಂಟಲಿಲ್ಲ. ಪಾದರಸದ ಹಾಗೆ ಗುಂಡುಗುಂಡಾಗಿ ಓಡಿತು, ಕಲ್ಲಿನ ಸಂದು ಹಾರಿ, ಧೂಳು ಗುಡಿಸಿಕೊಂಡು, ಕಂಬದ ತನಕ. ಆಗ ಒಬ್ಬಳು ಅಂದಳು: "ರೊಟ್ಟಿ ಹಂಚಿನ ಮ್ಯಾಲ ನೀರ ಹನಿ ಓಡ್ತಾವಲ್ಲ ಟೀಚರ್, ಹಂಗ." ಹಂಚು ಕಾಯಿತೋ ಇಲ್ಲವೋ ಅಂತ ನೀರು ಚಿಮುಕಿಸಿ ನೋಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಅರೆಕಾದ ಹಂಚಿನ ಮೇಲೆ ನೀರು ಚುಂಯ್ ಅಂತ ಆರಿಹೋಗುತ್ತದೆ. ಚೆನ್ನಾಗಿ ಕಾದಿದ್ದರೆ ಹನಿ ಕುಣಿಯುತ್ತದೆ. ಹನಿಯ ತಳ ಆವಿಯಾಗಿ, ಆ ಆವಿಯ ಮೆತ್ತೆಯ ಮೇಲೆ ಹನಿ ತೇಲುತ್ತದೆ. ಲೈಡನ್‌ಫ್ರಾಸ್ಟ್ ಅನ್ನುವ ಜರ್ಮನ್ ವೈದ್ಯ ಕಾದ ಕಬ್ಬಿಣದ ಚಮಚದಲ್ಲಿ ಇದನ್ನು ನೋಡಿ 1756ರಲ್ಲಿ ಬರೆದ. ಅವನ ಹೆಸರೇ ಅದಕ್ಕೆ ನಿಂತಿತು. ರೊಟ್ಟಿ ಬಡಿಯುವ ನಮ್ಮ ಅಜ್ಜಿಯರು ಬರೆದಿಡಲಿಲ್ಲ, ಅಷ್ಟೇ.

ಇಲ್ಲಿ ಹಂಚು ಯಾವುದು? ನೆಲ. ಮಳೆಗಾಲದ ತಣ್ಣನೆಯ ಫರ್ಸಿ 26 ಡಿಗ್ರಿ ಇತ್ತು ಅನ್ನಿ. ನೈಟ್ರೋಜನ್ ಕುದಿಯುವುದು ಮೈನಸ್ 196ಕ್ಕೆ. ಅದಕ್ಕೂ ನೆಲಕ್ಕೂ ನಡುವೆ 222 ಡಿಗ್ರಿ. ನೀರಿಗೆ 320 ಡಿಗ್ರಿಯ ಹಂಚು ಹೇಗೋ, ಅದಕ್ಕೆ ನಮ್ಮ ವರಾಂಡ ಹಾಗೆ. ಐಸ್ ಗಡ್ಡೆ ಮೇಲೆ ಸುರಿದರೂ ಕುದಿಯುತ್ತದೆ. ಕಲಬುರಗಿಯ ಮೇ ತಿಂಗಳ 43 ಡಿಗ್ರಿಯೂ ಕಾಶ್ಮೀರದ ಮಾಘದ ಚಳಿಯೂ ಅದರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಎರಡೂ ಬೆಂಕಿ. ಬಿಸಿಲಿಗೆ ಬೈಯುತ್ತಾ ಬೆಳೆದ ಮಕ್ಕಳಿಗೆ ಇದು ಯಾಕೋ ಬಹಳ ಹಿಡಿಸಿತು.

ಈಗ ಫೆಬ್ರವರಿಗೆ ಬರೋಣ. ಆ ಸುಳ್ಳು ಹೇಳಿ ಮನೆಗೆ ಬಂದೆ. ನಮ್ಮ ಮನೆಯವರು ಅಟ್ಟದಿಂದ ಕೂಲರ್ ಇಳಿಸಿ, ಅಂಗಳದಲ್ಲಿ ಅದರ ಹುಲ್ಲಿನ ಪ್ಯಾಡು ಬದಲಿಸುತ್ತಿದ್ದರು. ಕಲಬುರಗಿಯಲ್ಲಿ ಶಿವರಾತ್ರಿ ಹತ್ತಿರ ಬಂತೆಂದರೆ ಮನೆ ಮನೆಯಲ್ಲಿ ಇದೇ ಕೆಲಸ. ನೀರು ಹಾಕಿ ಸ್ವಿಚ್ ಒತ್ತಿದರು. ತಣ್ಣನೆ ಗಾಳಿ ಬಂತು. "ನೋಡು, ಹೆಂಗ ಹೊಡಿಲತ್ತದ. ಶ್ರಾವಣದಾಗ ಇದೇ ಕೂಲರ್ ಸುಡುಗಾಡಿಗೂ ಬ್ಯಾಡ" ಅಂದರು.

ನಾನು ಕೈಯಲ್ಲಿದ್ದ ಚಹಾ ಬಸಿ ಕೆಳಗಿಟ್ಟೆ.

ಕೂಲರ್ ತಣ್ಣಗೆ ಮಾಡುವುದು ನೀರು ಆರುವುದರಿಂದ. ಗಾಳಿ ಒಣಗಿದ್ದರೆ ನೀರು ಬೇಗ ಆರುತ್ತದೆ. ಮಳೆಗಾಲದ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ, ಇನ್ನು ಕುಡಿಯಲಾರದು. ಅದಕ್ಕೇ ಆಗ ಕೂಲರ್ ಹಾಕಿದರೆ ಬರೀ ಜಿಗಿಜಿಗಿ. ಅಂದಮೇಲೆ ಶ್ರಾವಣದಲ್ಲಿ ಮಕ್ಕಳ ಚಪ್ಪಲಿ ಮುಚ್ಚಿದ ಬಿಳಿ ಮೋಡ ಡಬ್ಬಿಯಿಂದ ಬಂದದ್ದೇ ಅಲ್ಲ. ಆ ಕೋಣೆಯ ಗಾಳಿಯಲ್ಲಿ ಕಾಣದೆ ಇದ್ದ ನೀರು ಅದು. ನೈಟ್ರೋಜನ್ ಚಳಿ ಕೊಟ್ಟು ಅದನ್ನು ಕಾಣಿಸಿತು. ಫೆಬ್ರವರಿಯ ಗಾಳಿಯಲ್ಲಿ ನೀರೇ ಕಮ್ಮಿ. ಜೊತೆಗೆ ಆ ಒಣ ಗಾಳಿ, ಹುಟ್ಟಿದ ಹನಿಗಳನ್ನೂ ತಕ್ಷಣ ಮತ್ತೆ ಕುಡಿದುಬಿಡುತ್ತದೆ. ಹುಡುಗಿ ಕೇಳಿದ್ದು ಸರಿಯಾಗಿತ್ತು.

ಡಬ್ಬಿಯನ್ನು ಎರಡು ದಿನ ಇಟ್ಟುಕೊಳ್ಳಲು ತಮ್ಮ ಒಪ್ಪಿದ್ದ. ಅದರ ಗೋಡೆ ಎರಡು ಪದರ, ನಡುವೆ ಗಾಳಿ ತೆಗೆದ ಖಾಲಿ ಜಾಗ. ಜೇಮ್ಸ್ ಡೀವರ್ ಅನ್ನುವವನು 1892ರಲ್ಲಿ ಮಾಡಿದ ಉಪಾಯ, ನಮ್ಮ ಚಹಾ ಥರ್ಮಾಸಿನದೂ ಅದೇ. ಆದರೆ ಥರ್ಮಾಸಿನ ಹಾಗೆ ಇದಕ್ಕೆ ಬಿರಡೆ ತಿರುವಿ ಬಿಗಿಯುವಂತಿಲ್ಲ. ಒಳಗೆ ಆವಿ ಹುಟ್ಟುತ್ತಲೇ ಇರುತ್ತದೆ, ದಾರಿ ಕೊಡದಿದ್ದರೆ ಬಾಂಬು. ಡಬ್ಬಿಯನ್ನು ಕಿಟಕಿ ಮುಚ್ಚಿದ ಕಾರಿನಲ್ಲಿ ಒಯ್ಯುವುದೂ ತಪ್ಪು. 3 ಲೀಟರ್ ಪೂರಾ ಚೆಲ್ಲಿದರೆ 2 ಸಾವಿರ ಲೀಟರ್ ಗಾಳಿ. ಕಿಟಕಿ ತೆರೆದ ಕ್ಲಾಸಿನಲ್ಲಿ ಅದು ಲೆಕ್ಕಕ್ಕಿಲ್ಲ. ಕಾರಿನಲ್ಲಿ ಮಾತ್ರ ಉಸಿರಾಡುವ ಆಮ್ಲಜನಕವನ್ನೇ ಹೊರಗೆ ತಳ್ಳುತ್ತದೆ, ಅದೂ ವಾಸನೆ ಇಲ್ಲದೆ, ಕೆಮ್ಮು ಬರಿಸದೆ. ಗಾಡಿಯ ಹಿಂದೆ ಬಯಲಿನಲ್ಲಿ ಕಟ್ಟಿಕೊಂಡು ಹೋಗುವ ನಮ್ಮ ತಮ್ಮಂದಿರದೇ ಸರಿಯಾದ ಪದ್ಧತಿ.

ಮಾರನೆ ದಿನ ಕ್ಲಾಸಿಗೆ ಹೋಗಿ ಮೊದಲು ಹೇಳಿದ್ದು: "ನಿನ್ನೆ ನಾನು ಹೇಳಿದ್ದು ಸುಳ್ಳು. ನನಗೆ ಗೊತ್ತಿರಲಿಲ್ಲ." ಮಕ್ಕಳು ಸ್ವಲ್ಪ ಖುಷಿಯಾಗಿಯೇ ನೋಡಿದರು. ಕೂಲರ್ ವಿಷಯ ಹೇಳಿದೆ. ಇದು ಖರೇನೋ ಸುಳ್ಳೋ ಹೆಂಗ ಗೊತ್ತು ಮಾಡೋದು ಅಂತ ಕೇಳಿದೆ.

ಅಲ್ಲಿಂದ ಮುಂದೆ ಪಾಠ ನನ್ನ ಕೈಯಲ್ಲಿ ಇರಲಿಲ್ಲ. ಒಬ್ಬ ಕೋಣೆ ತುಂಬ ನೀರು ಹೊಡೆಯೋಣ ಅಂದ. ಇನ್ನೊಬ್ಬ ಬಿಸಿಯೂಟದ ಕೋಣೆಯಿಂದ ಕುದಿಯುವ ನೀರು ತರೋಣ ಅಂದ. ಬೇಡ, ಹಬೆ ತಾನೇ ಬೆಳ್ಳಗಿರುತ್ತದೆ, ಯಾವುದು ಯಾವುದರದು ಅಂತ ತಿಳಿಯುವುದಿಲ್ಲ ಅಂತ ಇನ್ನೊಬ್ಬಳು ತಳ್ಳಿಹಾಕಿದಳು. (ಇದನ್ನು ನಾನು ಹೇಳಬೇಕಿತ್ತು. ನನಗೆ ಹೊಳೆದಿರಲಿಲ್ಲ.) ಕೊನೆಗೆ ಪ್ರಶ್ನೆ ಕೇಳಿದ ಹುಡುಗಿಯೇ ಅಂದಳು: "ಚಳಿಗಾಲದಾಗ ಬಾಯಾಗಿಂದ ಹೊಗಿ ಬರ್ತದಲ್ರಿ. ಉಸಿರಿನಾಗ ನೀರ ಇರ್ತದ. ಊದಿ ನೋಡಮು."

ಮುಖ ಹತ್ತಿರ ತರುವಂತಿಲ್ಲ ಅಂದೆ. ಒಬ್ಬ ಓಡಿಹೋಗಿ ಹೊಲದ ಹಳೇ ಡ್ರಿಪ್ ಪೈಪಿನ ತುಂಡು ತಂದ, ಎರಡು ಮಾರು ಉದ್ದ. ಪಿಟಿ ಮಾಸ್ತರ ಕೋಣೆಯಿಂದ ಸೈಕಲ್ ಪಂಪು ಬಂತು. ಪರಾತದಲ್ಲಿ ಒಂದು ಲೋಟ ನೈಟ್ರೋಜನ್. ಮೊದಲು ಪೈಪಿಗೆ ಪಂಪು ಹಚ್ಚಿ ಹೊರಗಿನ ಗಾಳಿ ಹೊಡೆದರು. ತೆಳ್ಳನೆ ಬಿಳಿ, ನಿನ್ನೆಯ ಹಾಗೇ. ಆಮೇಲೆ ಅದೇ ಪೈಪಿನಲ್ಲಿ ಬಾಯಿಂದ ಊದಿದರು. ದಪ್ಪಗೆ ಮೋಡ ಎದ್ದು ಪರಾತದ ಅಂಚು ದಾಟಿ ಇಳಿಯಿತು. ಮತ್ತೆ ಪಂಪು, ಮತ್ತೆ ಬಾಯಿ. ಪ್ರತಿ ಸಲವೂ ಹಾಗೇ.

ಗದ್ದಲ ಕೇಳಿ ಬಂದಿದ್ದ ಗಣಿತದ ಮಾಸ್ತರು ಬಾಗಿಲಲ್ಲೇ ನಿಂತು ಕೊಕ್ಕೆ ಹಾಕಿದರು. ಉಸಿರಿನಲ್ಲಿ ನೀರು ಒಂದೇ ಅಲ್ಲ, ಕಾರ್ಬನ್ ಡೈಆಕ್ಸೈಡೂ ಜಾಸ್ತಿ. ಅದು ಮೈನಸ್ 78ಕ್ಕೇ ಗಟ್ಟಿಯಾಗುತ್ತದೆ. ಈ ಬಿಳಿ ಅದರದ್ದೂ ಇರಬಹುದಲ್ಲ? ಖರೇ ಮಾತು. ಹೊರಗಿನ ಗಾಳಿಯಲ್ಲಿ ಅದು ನೂರಕ್ಕೆ 0.04 ಪಾಲು, ಬಿಡುವ ಉಸಿರಿನಲ್ಲಿ ಸುಮಾರು 4. ನೂರು ಪಟ್ಟು. ನಾನು ಮತ್ತೆ ಬಾಯಿ ಮುಚ್ಚಿದೆ. ಮಕ್ಕಳು ಮುಚ್ಚಲಿಲ್ಲ. ಬೋರ್ಡ್ ಒರೆಸುವ ಬಟ್ಟೆ ಹಸಿ ಮಾಡಿ, ಸುರುಳಿ ಸುತ್ತಿ ಪೈಪಿನ ಬಾಯೊಳಗೆ ಸಡಿಲವಾಗಿ ತುರುಕಿದರು. ಈಗ ಪಂಪಿನ ಗಾಳಿ ಹಸಿ ಬಟ್ಟೆ ಹಾಯ್ದು ಹೋಗಬೇಕು. ಉಸಿರು ಇಲ್ಲ, ಉಸಿರಿನ ಹೆಚ್ಚಿನ ಕಾರ್ಬನ್ ಡೈಆಕ್ಸೈಡೂ ಇಲ್ಲ. ಹೊಡೆದರು. ಬಾಯಿಯಷ್ಟು ಅಲ್ಲ, ಆದರೆ ಮೊದಲಿಗಿಂತ ಚೆನ್ನಾಗಿಯೇ ಬಿಳಿ ಎದ್ದಿತು. ಮಾಸ್ತರು "ಹಾಂ" ಅಂತ ತಮ್ಮ ಕ್ಲಾಸಿಗೆ ಹೋದರು.

ಆ ದಿನ ಯಾರೂ ಹೂ ಒಡೆಯಲಿಲ್ಲ. ಬಾಳೆಹಣ್ಣು ತಂದಿದ್ದೆ, ತಿಂದೆವು.

ಮುಂದಿನ ಕೆಲಸ ಲೆಕ್ಕದ್ದು. ಎರಡು ಥರ್ಮಾಮೀಟರ್ ಗೋಡೆಗೆ ಕಟ್ಟಿ, ಒಂದರ ಬುಡಕ್ಕೆ ಕಂದೀಲಿನ ಬತ್ತಿ ಸುತ್ತಿ, ಬತ್ತಿಯ ತುದಿ ನೀರಿನ ಲೋಟದಲ್ಲಿ ಇಟ್ಟೆವು. ನೋಡುವ ಮೊದಲು ರಟ್ಟಿನಿಂದ ಎರಡು ನಿಮಿಷ ಗಾಳಿ ಹಾಕಬೇಕು. ಒಣ ಬುಡ 36 ಡಿಗ್ರಿ ತೋರಿಸಿತು, ಹಸಿ ಬುಡ 20. ನಡುವೆ 16 ಡಿಗ್ರಿ. ಕೂಲರ್ ಯಾಕೆ ಹೊಡೆಯುತ್ತದೆ ಅನ್ನುವುದಕ್ಕೆ ಗೋಡೆಯ ಮೇಲೇ ಉತ್ತರ. ಲೆಕ್ಕ ಹಾಕಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 9 ಗ್ರಾಂ ನೀರು. ನಮ್ಮ ಕ್ಲಾಸು ಉದ್ದಗಲ 20 ಅಡಿ, ಎತ್ತರ 11. ಅಂದರೆ 125 ಘನ ಮೀಟರ್ ಹತ್ತಿರ. ಇಡೀ ಕೋಣೆಯ ಗಾಳಿಯನ್ನು ಹಿಂಡಿದರೆ ಒಂದು ಲೀಟರ್ ಚಿಲ್ಲರೆ ನೀರು ಸಿಗಬೇಕು. ಒಂದು ಬಾಟಲಿ. ಮಕ್ಕಳು ಖಾಲಿ ಕೋಣೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

ಆ ಎರಡು ಥರ್ಮಾಮೀಟರ್ ಗೋಡೆಯಲ್ಲೇ ಉಳಿದವು. ಬೇಸಿಗೆ ರಜೆ ಮುಗಿದು, ಅದೇ ಮಕ್ಕಳು ಒಂಬತ್ತನೇ ಕ್ಲಾಸಿಗೆ ಬಂದರು. ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಹಸಿ ಬುಡ ಮೇಲೇರಿದ್ದನ್ನು ನಾನು ನೋಡಲೇ ಇಲ್ಲ, ಅವರೇ ಬಂದು ಹೇಳಿದರು. ದಿನಾ ಬರೆಯಲು ಒಂದು ವಹಿ ಮಾಡಿದ್ದರು. ಶ್ರಾವಣದ ಒಂದು ಬೆಳಿಗ್ಗೆ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅಂದಳು: "ಟೀಚರ್, ಒಣದು 27, ಹಸಿದು 24. ಡಬ್ಬಿ ತರಸ್ರಿ." ಲೆಕ್ಕವನ್ನೂ ಹಾಕಿಕೊಂಡೇ ಬಂದಿದ್ದಳು. ಘನ ಮೀಟರಿಗೆ 20 ಗ್ರಾಂ, ಕೋಣೆಗೆ ಎರಡೂವರೆ ಲೀಟರ್.

ತಮ್ಮನಿಗೆ ಫೋನ್ ಮಾಡಿದೆ. ಎರಡು ದಿನ ಬಿಟ್ಟು ಡಬ್ಬಿ ಬಂತು. ಗಾಡಿಯಿಂದ ಇಳಿಸುವಾಗಲೇ ಅವನ ಮುಖ ಸಪ್ಪಗಿತ್ತು. ಹಳೇ ಡಬ್ಬಿ, ದಾರಿಯಲ್ಲಿ ಎಲ್ಲೋ ಅದರ ನಿರ್ವಾತ ಹೋಗಿತ್ತು. ಕುತ್ತಿಗೆಯ ಸುತ್ತ ಬಿಳಿ ಹೆಪ್ಪು, ಮೈಯೆಲ್ಲ ಬೆವರು. ಒಳಗೆ ಕಟ್ಟಿಗೆ ಕಡ್ಡಿ ಇಳಿಸಿ ನೋಡಿದರೆ ತಳದಲ್ಲಿ ಎರಡು ಬೆರಳಷ್ಟು ನೈಟ್ರೋಜನ್, ಅದೂ ಸರಸರ ಆರುತ್ತಿತ್ತು. ಇದರಲ್ಲಿ ಏನೂ ಮಾಡಲಾಗದು, ಗುಜರಿಗೆ ಹಾಕಬೇಕು ಅಂದ.

ಹುಡುಗಿ ಬಗ್ಗಿ ಡಬ್ಬಿಯ ತಳದ ಬೆವರನ್ನು ಬೆರಳಿನಿಂದ ಒರೆಸಿ ನೋಡಿದಳು.

"ಇದು ಒಳಗಿಂದು ಅಲ್ಲ ಅಲ್ರಿ ಟೀಚರ್? ನಮ್ಮ ಗಾಳಿದೇ."

ಡಬ್ಬಿಯನ್ನು ವರಾಂಡದಲ್ಲಿ ಎರಡು ಇಟ್ಟಿಗೆ ಮೇಲೆ ನಿಲ್ಲಿಸಿ ಕೆಳಗೆ ಪರಾತ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಒಳಗಿನದೆಲ್ಲ ಖಾಲಿಯಾಗಿ ಹೆಪ್ಪು ಕರಗತೊಡಗಿತು. ಟಪ್, ಟಪ್ ಅಂತ ಹನಿ ಬೀಳುತ್ತಲೇ ಇತ್ತು. ಸಂಜೆಯ ಗಂಟೆ ಹೊಡೆದಾಗ ಅಳತೆ ಲೋಟಕ್ಕೆ ಸುರಿದು ನೋಡಿದರು. 40 ಮಿಲಿ ಲೀಟರ್. ವಹಿಯಲ್ಲಿ ಆ ದಿನದ ಸಾಲಿನ ಪಕ್ಕ ಅದನ್ನೂ ಬರೆದಿದ್ದಾರೆ.